ಜಾರಿದ್ದು ಕೀಯೋ, ತಂತಿಯೋ?

ಸ್ಟೀಲ್ ಗಿಟಾರನ್ನು ಎದೆಗೆ ಒತ್ತಿ ಹಿಡಿಯುವುದಿಲ್ಲ, ತೊಡೆಯ ಮೇಲೆ ಅಂಗಾತ ಮಲಗಿಸುತ್ತಾರೆ. ನುಡಿಸುವವರ ಎಡಗೈಯಲ್ಲಿ ನುಣುಪಾದ ಒಂದು ಉಕ್ಕಿನ ಸರಳು ಇರುತ್ತದೆ. ಅದನ್ನು ತಂತಿಗಳ ಮೇಲೆ ಅಡ್ಡಕ್ಕೆ ಇಟ್ಟು ಹಗುರವಾಗಿ ಜಾರಿಸುತ್ತಾರೆ, ಬಲಗೈ ಬೆರಳುಗಳು ಮೀಟುತ್ತವೆ. ಮಾಮೂಲಿ ಗಿಟಾರಿನಲ್ಲಿ ಬೆರಳು ತಂತಿಯನ್ನು ಮೆಟ್ಟಿಲಿಗೆ ಒತ್ತುತ್ತದೆ, ಸ್ವರಗಳು ಒಂದೊಂದಾಗಿ ಬಿಡಿಬಿಡಿಯಾಗಿ ಬರುತ್ತವೆ. ಇಲ್ಲಿ ತಂತಿ ಮೆಟ್ಟಿಲನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯೆಲ್ಲ ಕೇಳಿಸುತ್ತದೆ. ನಮ್ಮ ಗಂಟಲು ಹಾಡುವುದೂ ಹೀಗೆಯೇ. ಅದಕ್ಕೇ ಈ ವಾದ್ಯದ ನಾದ ಅಷ್ಟು ಬೇಗ ಮನಸ್ಸಿಗೆ ಹತ್ತಿರವಾಗುತ್ತದೆ.

ಈ ಬಗೆಯ ನುಡಿಸುವಿಕೆ ಹುಟ್ಟಿದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಅಲ್ಲಿನ ಓಹು ದ್ವೀಪದಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಶಾಲೆಯ ಹುಡುಗನಾಗಿದ್ದಾಗಲೇ ಗಿಟಾರಿನ ತಂತಿಯ ಮೇಲೆ ಬಾಚಣಿಗೆ, ಚಾಕುವಿನ ಬೆನ್ನು ಎಲ್ಲವನ್ನೂ ಜಾರಿಸಿ ನೋಡಿ, ಕೊನೆಗೆ ಉಕ್ಕಿನ ಸರಳೇ ಸರಿ ಎಂದು ಕಂಡುಕೊಂಡನಂತೆ. 1904ರಲ್ಲಿ ಹವಾಯಿ ಬಿಟ್ಟ ಅವನು ಅಮೆರಿಕದ ಊರೂರು ಸುತ್ತಿ ನುಡಿಸಿದ. ಮುಂದೆ ಈ ನಾದ ಭಾರತಕ್ಕೂ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟಾವು ಮೋ ಎಂಬ ಪೆಸಿಫಿಕ್ ದ್ವೀಪದ ಕಲಾವಿದರು ಕೋಲ್ಕತ್ತಾದಲ್ಲಿ ನೆಲೆಸಿ ಅನೇಕರಿಗೆ ಕಲಿಸಿದರು. ವ್ಯಾನ್ ಶಿಪ್ಲೆ, ಸುನೀಲ್ ಗಂಗೂಲಿ ಅವರಂಥವರು ಸಿನಿಮಾ ಹಾಡುಗಳನ್ನು ಇದರಲ್ಲಿ ನುಡಿಸಿದರು, ಬ್ರಿಜ್ ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ಗಿಟಾರಿಗೆ ಇನ್ನಷ್ಟು ತಂತಿ ಸೇರಿಸಿ ಮೋಹನವೀಣೆ ಮಾಡಿಕೊಂಡರು, 1994ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ನಮ್ಮ ಕರ್ನಾಟಕ ಸಂಗೀತದಲ್ಲಿ ಮೆಟ್ಟಿಲೇ ಇಲ್ಲದ ಗೋಟುವಾದ್ಯ ಇದೆಯಲ್ಲ, ಅದನ್ನು ನುಡಿಸುವುದೂ ತಂತಿಯ ಮೇಲೆ ಗಟ್ಟಿ ತುಂಡೊಂದನ್ನು ಜಾರಿಸಿಯೇ.

ಇಂಥ ವಾದ್ಯಕ್ಕೆ ಒಂದು ಕಷ್ಟ ಇದೆ. ಮಾಮೂಲಿ ಗಿಟಾರಿನಲ್ಲಿ ಒಂದು ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೆ ನುರಿತವರು ಆ ತಂತಿಯನ್ನು ಮಾತ್ರ ಬೆರಳಿನಲ್ಲಿ ಕೊಂಚ ಪಕ್ಕಕ್ಕೆ ಎಳೆದು ಸರಿದೂಗಿಸಿಬಿಡುತ್ತಾರೆ. ಸ್ಟೀಲ್ ಗಿಟಾರಿನ ಸರಳು ನೆಟ್ಟಗಿರುತ್ತದೆ. ಆರೂ ತಂತಿಗಳ ಮೇಲೆ ಒಂದೇ ಗೆರೆಯಲ್ಲಿ ಕೂರುತ್ತದೆ. ಒಂದು ತಂತಿ ಇಳಿದಿದ್ದರೆ ಸರಳನ್ನು ಎಲ್ಲಿ ಇಟ್ಟರೂ ಅದು ಇಳಿದೇ ಇರುತ್ತದೆ, ತಪ್ಪನ್ನು ಮುಚ್ಚುವುದಕ್ಕೆ ಜಾಗವೇ ಇಲ್ಲ. ಆದ್ದರಿಂದ ಈ ವಾದ್ಯದಲ್ಲಿ ತಂತಿಯನ್ನು ಬಿಗಿ ಹಿಡಿಯುವ ಟ್ಯೂನಿಂಗ್ ಕೀಗಳು ಸರಿಯಾಗಿರಲೇಬೇಕು. ಅವು ಕೆಟ್ಟರೆ ಏನು ಮಾಡುವುದು? ಅದಕ್ಕೂ ಮೊದಲು, ನಿಜವಾಗಿ ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಈ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಇಷ್ಟ.

ಕೀ ಮಾಡುವ ಕೆಲಸ ಎಷ್ಟು ದೊಡ್ಡದು ಎಂದು ಮೊದಲು ನೋಡೋಣ. ಗಿಟಾರಿನ ಒಂದು ತಂತಿಯ ಬಿಗಿತ ಸುಮಾರು 10 ಕಿಲೋ ತೂಕವನ್ನು ಅದಕ್ಕೆ ನೇತುಹಾಕಿದಷ್ಟು. ಆರು ತಂತಿ ಸೇರಿದರೆ ದೊಡ್ಡ ಮನುಷ್ಯರೊಬ್ಬರ ತೂಕಕ್ಕೆ ಸಮ. ತಂತಿ ಬಿಗಿದಷ್ಟೂ ಅದು ಬೇಗಬೇಗ ಕಂಪಿಸುತ್ತದೆ, ಸ್ವರ ಮೇಲೇರುತ್ತದೆ. ಆದರೆ ಬಿಗಿತವನ್ನು ಎರಡು ಪಟ್ಟು ಮಾಡಿದರೆ ಸ್ವರ ಎರಡು ಪಟ್ಟು ಏರುವುದಿಲ್ಲ. ಕೆಳಗಿನ ಸ ದಿಂದ ಮೇಲಿನ ಸ ಕ್ಕೆ ಹೋಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ಇದನ್ನು ತಂತಿಗೆ ತೂಕ ಕಟ್ಟಿ ಪರೀಕ್ಷಿಸಿದವರಲ್ಲಿ ಮೊದಲಿಗರು ಇಟಲಿಯ ವಿನ್ಸೆಂಜೊ ಗೆಲಿಲಿ. ಅವರು ಲೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದರು. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಕಂಡ ಗೆಲಿಲಿಯೊ ಇದ್ದಾರಲ್ಲ, ಅವರ ತಂದೆ! ಅವರ ನಂತರ ಫ್ರಾನ್ಸಿನ ಮರೆನ್ ಮರ್ಸೆನ್ 1636ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಂತಿಯ ಉದ್ದ, ದಪ್ಪ, ಬಿಗಿತಗಳಿಗೂ ಸ್ವರಕ್ಕೂ ಇರುವ ಲೆಕ್ಕವನ್ನು ನಿಯಮಗಳಾಗಿ ಬರೆದಿಟ್ಟರು. ಆ ಲೆಕ್ಕದ ಪ್ರಕಾರ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ, ಅಂದರೆ ಅರ್ಧ ಸ್ವರದಷ್ಟು ಏರಲು ತಂತಿಯ ಬಿಗಿತ ನೂರಕ್ಕೆ 12ರಷ್ಟು ಹೆಚ್ಚಬೇಕು.

ಅಷ್ಟು ಬಿಗಿಯಬೇಕಾದರೆ ತಂತಿಯನ್ನು ಎಷ್ಟು ಎಳೆಯಬೇಕು? ಉಕ್ಕು ಹಿಗ್ಗುವುದು ಬಹಳ ಕಡಿಮೆ. ಸ್ಟೀಲ್ ಗಿಟಾರಿನ ತೆಳು ತಂತಿಯೊಂದನ್ನು ಸುಮಾರು ಅರ್ಧ ಮಿಲಿಮೀಟರ್ ಎಳೆದರೆ ಸಾಕು, ಅರ್ಧ ಸ್ವರ ಏರಿಬಿಡುತ್ತದೆ. ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಎಷ್ಟಿದೆ ನೋಡಿ, ಅದರಲ್ಲಿ ಅರ್ಧ! ಶ್ರುತಿ ಮಾಡುವವರಿಗೆ ಅರ್ಧ ಸ್ವರದ ಐದನೇ ಒಂದು ಪಾಲು ತಪ್ಪಿದರೂ ಕಿವಿಗೆ ಚುಚ್ಚುತ್ತದೆ. ಅದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಅಂದರೆ ಕೀಯ ಕೆಲಸ ಇದು: 10 ಕಿಲೋ ಭಾರವನ್ನು ಹಗಲೂ ರಾತ್ರಿ ಹಿಡಿದಿರಬೇಕು, ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟೂ ಸಡಿಲ ಬಿಡಬಾರದು. ಆದರೆ ಒಂದು ಮಗು ಎರಡು ಬೆರಳಿನಲ್ಲಿ ತಿರುಗಿಸಿದರೆ ತಿರುಗಬೇಕು.

ಇಷ್ಟನ್ನೂ ಮಾಡುವುದು ಒಂದು ತಿರುಪು ಮತ್ತು ಒಂದು ಹಲ್ಲುಚಕ್ರ. ಹಳೆಯ ಗಿಟಾರಿನ ತಲೆಯ ಹಿಂದೆ ನೋಡಿದರೆ ಇವೆರಡೂ ತೆರೆದೇ ಕಾಣುತ್ತವೆ. ನಾವು ತಿರುಗಿಸುವ ಗುಂಡಿಗೆ ಒಂದು ಸಣ್ಣ ಕಡ್ಡಿ ಸೇರಿದೆ, ಅದರ ಮೈಮೇಲೆ ಸುರುಳಿಯಾಗಿ ತಿರುಪಿನ ಗೆರೆ ಕೊರೆದಿದೆ. ಆ ಗೆರೆಯ ಸಂದಿಯಲ್ಲಿ ಪಕ್ಕದ ಚಕ್ರದ ಹಲ್ಲು ಕೂತಿದೆ. ಚಕ್ರದ ನಡುವಿನಿಂದ ಮೇಲಕ್ಕೆ ಬಂದಿರುವ ಕಂಬಕ್ಕೆ ತಂತಿ ಸುತ್ತಿದೆ. ಗುಂಡಿಯನ್ನು ಒಂದು ಸುತ್ತು ತಿರುಗಿಸಿದರೆ ಚಕ್ರ ಒಂದೇ ಒಂದು ಹಲ್ಲಿನಷ್ಟು ಸರಿಯುತ್ತದೆ. ಚಕ್ರಕ್ಕೆ 14 ಹಲ್ಲು ಇದ್ದರೆ ಕಂಬ ಪೂರ್ತಿ ಒಂದು ಸುತ್ತು ಬರಲು ನೀವು ಗುಂಡಿಯನ್ನು 14 ಸುತ್ತು ತಿರುಗಿಸಬೇಕು. ಕಂಬದ ದಪ್ಪ ಸುಮಾರು 6 ಮಿಲಿಮೀಟರ್, ಸುತ್ತಳತೆ ಸುಮಾರು 20. ಇಪ್ಪತ್ತನ್ನು ಹದಿನಾಲ್ಕರಿಂದ ಭಾಗಿಸಿ: ಗುಂಡಿಯ ಒಂದು ಸುತ್ತಿಗೆ ತಂತಿ ಸುಮಾರು 1.4 ಮಿಲಿಮೀಟರ್ ಎಳೆಯಲ್ಪಡುತ್ತದೆ. ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತಾ ಬೇಕಾದಷ್ಟು ನವಿರಾಗಿ ಶ್ರುತಿ ಮಾಡಬಹುದು. ವೀಣೆಯ ಬಿರಡೆಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಒಂದು ಸುತ್ತು ತಿರುಗಿಸಿದರೆ ತಂತಿಯೂ ಪೂರ್ತಿ ಒಂದು ಸುತ್ತು ಬರುತ್ತದೆ. ಅದಕ್ಕೇ ವೈಣಿಕರು ಬಿರಡೆಯಲ್ಲಿ ಶ್ರುತಿಯ ಹತ್ತಿರಕ್ಕೆ ತಂದು, ಉಳಿದ ಚೂರನ್ನು ತಂತಿಯ ಇನ್ನೊಂದು ತುದಿಯ ಲಂಗರಿನಲ್ಲಿ ಸರಿಮಾಡುತ್ತಾರೆ.

ಈಗ ಒಂದು ಪ್ರಯೋಗ ಮಾಡಿ. ಕಾಗದದಿಂದ ಉದ್ದನೆಯ ಒಂದು ಲಂಬಕೋನ ತ್ರಿಭುಜ ಕತ್ತರಿಸಿ. ಅದರ ಓರೆ ಅಂಚಿಗೆ ಬಣ್ಣದ ಗೆರೆ ಎಳೆದು, ಗಿಡ್ಡ ಬದಿಯಿಂದ ಶುರುಮಾಡಿ ಪೆನ್ಸಿಲಿಗೆ ಸುತ್ತಿ. ಬಣ್ಣದ ಗೆರೆ ಪೆನ್ಸಿಲಿನ ಸುತ್ತ ಸುರುಳಿಯಾಗಿ ಏರುವುದು ಕಾಣುತ್ತದೆ. ತಿರುಪು ಎಂದರೆ ಇಷ್ಟೇ, ಕಂಬಕ್ಕೆ ಸುತ್ತಿದ ಇಳಿಜಾರು. ಆಗುಂಬೆಯ ಘಟ್ಟವನ್ನು ನೆಟ್ಟಗೆ ಹತ್ತಲಾರದ ಬಸ್ಸು ತಿರುವು ತಿರುವಾಗಿ ಸುತ್ತಿಕೊಂಡು ಹತ್ತುತ್ತದೆ, ದಾರಿ ಉದ್ದವಾಗುತ್ತದೆ, ಏರು ಹಗುರವಾಗುತ್ತದೆ. ಕೀಯಲ್ಲೂ ನಿಮ್ಮ ಬೆರಳು ಹೆಚ್ಚು ಸುತ್ತು ತಿರುಗುತ್ತದೆ, ಆದ್ದರಿಂದಲೇ ಕಡಿಮೆ ಬಲ ಸಾಕಾಗುತ್ತದೆ.

ಅದು ಸರಿ, ಕೈ ಬಿಟ್ಟ ಮೇಲೆ 10 ಕಿಲೋ ಎಳೆತ ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕಲ್ಲವೆ? ಸ್ಕೇಲಿನ ಮೇಲೆ ಒಂದು ರಬ್ಬರ್ ಇಟ್ಟು ಸ್ಕೇಲಿನ ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಮೊದಮೊದಲು ರಬ್ಬರ್ ಜಾರುವುದೇ ಇಲ್ಲ. ಘರ್ಷಣೆ ಅದನ್ನು ಹಿಡಿದಿರುತ್ತದೆ. ಇಳಿಜಾರು ಒಂದು ಮಟ್ಟ ದಾಟಿದ ಮೇಲಷ್ಟೇ ಸರಕ್ಕನೆ ಜಾರುತ್ತದೆ. ಕೀಯ ತಿರುಪಿನ ಇಳಿಜಾರು ಆ ಮಟ್ಟಕ್ಕಿಂತ ಬಹಳ ಕೆಳಗಿದೆ. ತಂತಿ ಎಳೆದಾಗ ಚಕ್ರದ ಹಲ್ಲು ತಿರುಪನ್ನು ಒತ್ತುತ್ತದೆ, ಆದರೆ ಅದರ ಮೇಲೆ ಜಾರಲಾರದು. ಹೀಗಾಗಿ ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಬೀಗವಿಲ್ಲ, ಸ್ಪ್ರಿಂಗ್ ಇಲ್ಲ, ಬರೀ ಇಳಿಜಾರು ಮತ್ತು ಘರ್ಷಣೆ. ಗಿಟಾರಿನ ಇಡೀ ಮೈಯಲ್ಲಿ ಇದಕ್ಕಿಂತ ಚೆಂದದ ಭಾಗ ನನಗೆ ಕಂಡಿಲ್ಲ.

ಇದನ್ನು ತಿಳಿದ ಮೇಲೆ ಒಂದು ಅನುಮಾನ ಬರಬೇಕು. ಹಿಂದಕ್ಕೆ ಜಾರಲಾರದ ಹಾಗೆ ಮಾಡಿದ ಯಂತ್ರ ಇದು. ಹಾಗಿದ್ದರೆ ಶ್ರುತಿ ಇಳಿದಾಗಲೆಲ್ಲ ಕೀ ಕೆಟ್ಟಿದೆ ಎನ್ನುವುದು ಸರಿಯೆ? ಬಹಳ ಸಲ ಸರಿಯಲ್ಲ. ಕೀಯನ್ನು ಬಿಚ್ಚುವ ಮೊದಲು ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಬೇಕಾದದ್ದು ಒಂದು ತುಂಡು ಕಾಗದ, ಸ್ವಲ್ಪ ಅಂಟುಟೇಪು, ಒಂದು ಮಾರ್ಕರ್ ಪೆನ್ನು.

ಮೊದಲು ತಂತಿಯನ್ನು ಸರಿಯಾಗಿ ಶ್ರುತಿ ಮಾಡಿಟ್ಟುಕೊಳ್ಳಿ. ಕಾಗದದಿಂದ ಸುಮಾರು 5 ಸೆಂಟಿಮೀಟರ್ ಉದ್ದದ, ತುದಿ ಚೂಪಾದ ತೆಳು ಪಟ್ಟಿ ಕತ್ತರಿಸಿ. ಅನುಮಾನವಿರುವ ಕೀಯ ಕಂಬದ ನೆತ್ತಿಗೆ ಅದರ ಬುಡವನ್ನು ಟೇಪಿನಿಂದ ಅಂಟಿಸಿ, ಪಟ್ಟಿ ಗಡಿಯಾರದ ಮುಳ್ಳಿನಂತೆ ಅಡ್ಡಕ್ಕೆ ಚಾಚಿರಲಿ, ಬೇರೆ ಯಾವುದಕ್ಕೂ ತಾಗದಿರಲಿ. ಅದರ ಚೂಪು ತುದಿ ಎಲ್ಲಿದೆಯೋ ಅದರ ಕೆಳಗೆ ಗಿಟಾರಿನ ತಲೆಯ ಮೇಲೆ ಒಂದು ಟೇಪಿನ ಚೂರು ಅಂಟಿಸಿ, ಅದರ ಮೇಲೆ ಗುರುತು ಹಾಕಿ. ಇನ್ನೊಂದು ಗುರುತು ತಂತಿಗೆ: ತಂತಿ ಕಂಬವನ್ನು ಬಿಟ್ಟು ಹೊರಡುವ ಜಾಗದಲ್ಲಿ ಮಾರ್ಕರಿನಿಂದ ಒಂದು ಚುಕ್ಕೆ. ಈಗ ಕೀ ಮುಟ್ಟದೆ ಅರ್ಧ ಗಂಟೆ ನುಡಿಸಿ. ಆಮೇಲೆ ಬಂದು ನೋಡಿ.

ಕಂಬದ ನಡುವಿನಿಂದ ಅಂಚಿಗೆ ಸುಮಾರು 3 ಮಿಲಿಮೀಟರ್. ಕಾಗದದ ತುದಿಗೆ 50 ಮಿಲಿಮೀಟರ್. ಅಂದರೆ ತಂತಿ ಎಷ್ಟು ಜಾರಿದರೂ ಕಾಗದದ ತುದಿ ಅದಕ್ಕಿಂತ ಸುಮಾರು 16 ಪಟ್ಟು ಹೆಚ್ಚು ಸರಿಯುತ್ತದೆ. ಕಣ್ಣಿಗೆ ಕಾಣದ ಆ ಮಿಲಿಮೀಟರಿನ ಹತ್ತನೇ ಒಂದು ಪಾಲು ಈಗ ಒಂದೂವರೆ ಮಿಲಿಮೀಟರಾಗಿ ಕಾಣುತ್ತದೆ. ಸಾವಿರಾರು ರೂಪಾಯಿಯ ಅಳತೆ ಉಪಕರಣ ಮಾಡುವ ಕೆಲಸವನ್ನು ನೋಟ್‌ಬುಕ್ಕಿನ ಹಾಳೆಯ ಒಂದು ಚೂರು ಮಾಡಿತು!

ಕಾಗದದ ಮುಳ್ಳು ಸರಿದಿದ್ದರೆ ತಪ್ಪು ಕೀಯದೇ. ಮುಳ್ಳು ಅಲ್ಲೇ ಇದ್ದು ಚುಕ್ಕೆ ಮಾತ್ರ ಮುಂದಕ್ಕೆ ಹೋಗಿದ್ದರೆ ತಂತಿಯ ಸುತ್ತು ಕಂಬದ ಮೇಲೆ ಜಾರುತ್ತಿದೆ. ಯಾರೋ ಅವಸರದಲ್ಲಿ ಸುತ್ತಿದ್ದಾರೆ ಎಂದರ್ಥ. ತೆಳು ತಂತಿಗೆ ಕಂಬದ ಮೇಲೆ ಎರಡು ಮೂರು ಸುತ್ತು ಬೇಕು, ಒಂದರ ಮೇಲೊಂದು ಏರದೆ ಸಾಲಾಗಿ ಕೆಳಕ್ಕೆ ಇಳಿದಿರಬೇಕು.

ಮುಳ್ಳೂ ಚುಕ್ಕೆಯೂ ಕದಲಿಲ್ಲ, ಆದರೂ ಶ್ರುತಿ ಇಳಿದಿದೆ? ಆಗ ತಂತಿ ಗಿಟಾರಿನ ತಲೆಯನ್ನು ಬಿಟ್ಟು ಹೊರಡುವಲ್ಲಿ ಅಡ್ಡಪಟ್ಟಿ ಇದೆಯಲ್ಲ, ಗಿಟಾರಿನವರು ನಟ್ ಎನ್ನುವುದು, ಅದನ್ನು ನೋಡಿ. ಅದರ ಮೇಲಿನ ಗೀರಿನಲ್ಲಿ ತಂತಿ ಸಿಕ್ಕಿಕೊಂಡಿರಬಹುದು. ಕೀ ತಿರುಗಿಸುವಾಗ ಸ್ವರ ಏರದೆ ನಿಂತಿದ್ದು, ಇದ್ದಕ್ಕಿದ್ದಂತೆ ‘ಟಿಣ್’ ಎಂದು ನೆಗೆದರೆ ಇದೇ ಕಾರಣ. ತಲೆಯ ಕಡೆ ಒಂದು ಬಿಗಿತ, ನುಡಿಸುವ ಕಡೆ ಇನ್ನೊಂದು ಬಿಗಿತ ಇರುತ್ತದೆ. ನುಡಿಸುತ್ತಾ ನುಡಿಸುತ್ತಾ ತಂತಿ ಸ್ವಲ್ಪ ಸ್ವಲ್ಪವೇ ಜರುಗಿ ಎರಡೂ ಒಂದಾಗುತ್ತವೆ, ಶ್ರುತಿ ಬದಲಾಗುತ್ತದೆ. ಮದ್ದು ನಿಮ್ಮ ಕಂಪಾಸ್ ಬಾಕ್ಸಿನಲ್ಲೇ ಇದೆ. ತಂತಿಯನ್ನು ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, ಮೆತ್ತನೆಯ ಪೆನ್ಸಿಲಿನ ಮೊನೆಯನ್ನು ಆ ಗೀರಿನಲ್ಲಿ ನಾಲ್ಕೈದು ಸಲ ಉಜ್ಜಿ. ಪೆನ್ಸಿಲಿನ ಗ್ರಾಫೈಟ್ ಪದರ ಪದರವಾಗಿದೆ, ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ತಂತಿಯೂ ಜಾರುತ್ತದೆ. ಇದೇ ಕಾರಣಕ್ಕೆ ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಸ್ವರ ಹೆಚ್ಚಾಗಿಬಿಟ್ಟರೆ ಅಲ್ಲಿಂದಲೇ ಇಳಿಸಿ ನಿಲ್ಲಿಸಬೇಡಿ. ಬೇಕಾದ್ದಕ್ಕಿಂತ ಕೆಳಕ್ಕೆ ಇಳಿಸಿ ಮತ್ತೆ ಏರಿಸಿ. ಆಗ ಹಲ್ಲಿನ ಸಂದಿಯಲ್ಲಿ, ನಟ್ಟಿನ ಗೀರಿನಲ್ಲಿ ಎಲ್ಲೂ ಸಡಿಲು ಉಳಿಯುವುದಿಲ್ಲ.

ಇನ್ನೊಂದು ಕಾರಣ ಬಿಸಿ. ಸುಮಾರು 65 ಸೆಂಟಿಮೀಟರ್ ಉದ್ದದ ಉಕ್ಕಿನ ತಂತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯ್ದರೆ ಸುಮಾರು 0.08 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಸಾಕು, ಸ್ವರ ಇಳಿದದ್ದು ಕಿವಿಗೆ ತಿಳಿಯುತ್ತದೆ. ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಕಂಪನಿ 1932ರ ಸುಮಾರಿಗೆ ಮಾರಾಟಕ್ಕೆ ತಂದ ವಿದ್ಯುತ್ ಸ್ಟೀಲ್ ಗಿಟಾರಿನ ಮೈ ಪೂರ್ತಿ ಅಲ್ಯೂಮಿನಿಯಂ ಎರಕ. ದುಂಡನೆಯ ಹೊಟ್ಟೆ, ಉದ್ದನೆಯ ಹಿಡಿ ಇದ್ದದ್ದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರು ಬಿತ್ತು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ರಂಗದ ದೀಪಗಳ ಶಾಖಕ್ಕೆ ಮೊದಲು ತೆಳು ತಂತಿ ಕಾಯ್ದು ಸ್ವರ ಇಳಿಯುತ್ತದೆ, ಆಮೇಲೆ ದಪ್ಪ ಮೈ ಕಾಯ್ದು ಉದ್ದವಾಗಿ ತಂತಿಯನ್ನು ಎಳೆದು ಸ್ವರ ಏರಿಸುತ್ತದೆ. ಪಾಪ, ಕೀ ಏನು ಮಾಡೀತು? ಅದೇ ಕಂಪನಿ 1935ರ ಹೊತ್ತಿಗೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮೈ ಇರುವ ಗಿಟಾರ್ ತಂದಿತು.

ಸರಿ, ಮುಳ್ಳು ಸರಿದೇಬಿಟ್ಟಿದೆ, ಕೀಯಲ್ಲೇ ದೋಷ ಎಂದುಕೊಳ್ಳೋಣ. ಆಗಲೂ ಹೊಸದಕ್ಕೆ ಓಡಬೇಕಾಗಿಲ್ಲ. ತೆರೆದ ಹಲ್ಲುಚಕ್ರದ ಕೀಯಾದರೆ ಚಕ್ರದ ನಡುವೆ ಒಂದು ಪುಟ್ಟ ಸ್ಕ್ರೂ ಕಾಣುತ್ತದೆ. ಚಕ್ರವನ್ನೂ ಕಂಬವನ್ನೂ ಒಂದಾಗಿ ಹಿಡಿದಿರುವುದು ಅದು. ವರ್ಷಗಟ್ಟಲೆ ಕಂಪನಕ್ಕೆ ಅದು ಸಡಿಲಾಗಿ, ಚಕ್ರ ತಿರುಪಿನಿಂದ ಅರ್ಧ ದೂರ ಸರಿದು ನಿಂತಿರುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರಿನಲ್ಲಿ ಮೆತ್ತಗೆ ಬಿಗಿದರೆ ಮುಗಿಯಿತು. ಜೋರು ಮಾಡಬಾರದು, ಆ ಸ್ಕ್ರೂ ಮುರಿದರೆ ಒಳಗಿನ ತುಂಡನ್ನು ತೆಗೆಯುವುದು ದೊಡ್ಡವರಿಗೂ ಕಷ್ಟ.

ಕೀ ತಿರುಗಿಸಲು ಬಿಗಿಯಾಗಿದ್ದರೆ ಹಳೆಯ ಗ್ರೀಸು ಧೂಳಿನ ಜೊತೆ ಸೇರಿ ಗಟ್ಟಿಯಾಗಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳೆ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಅದ್ದಿ ಒಂದೇ ಹನಿ ಬಿಡಿ. ಅಮೆರಿಕದ ಕ್ಲೂಸನ್ ಕಂಪನಿಯ ಹಳೆಯ ಕೀಗಳು ಎಷ್ಟೋ ಸ್ಟೀಲ್ ಗಿಟಾರುಗಳಲ್ಲಿವೆ. ಅವುಗಳ ತಗಡಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಏಕೆ ಎಂದು ಅನೇಕರಿಗೆ ಗೊತ್ತಿಲ್ಲ. ಎಣ್ಣೆ ಬಿಡುವುದಕ್ಕೇ ಇಟ್ಟ ತೂತು ಅದು! ಎಣ್ಣೆ ಹೆಚ್ಚಾದರೆ ಮರಕ್ಕೆ ಇಳಿದು ಕಲೆಯಾಗುತ್ತದೆ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗಿ ಕೀ ಹಿಂದಕ್ಕೆ ಜಾರಿಬಿಡುವುದಿಲ್ಲವೆ ಎಂದು ನೀವು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲ, ತಿರುಪಿನ ಇಳಿಜಾರು ಎಷ್ಟು ಕಡಿಮೆ ಎಂದರೆ ಎಣ್ಣೆ ಹಾಕಿದ ಮೇಲೆ ಉಳಿದ ಘರ್ಷಣೆಯೂ ಸಾಕಾಗುತ್ತದೆ.

ಎಪ್ಪತ್ತು ಎಂಬತ್ತು ವರ್ಷ ಹಳೆಯ ಗಿಟಾರುಗಳಲ್ಲಿ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಗುಂಡಿಯೇ ಪುಡಿಯಾಗುವುದುಂಟು. ಹತ್ತಿ ಮತ್ತು ಮರದ ನಾರಿನಿಂದ ತಯಾರಿಸಿದ ಆ ಕಾಲದ ಪ್ಲಾಸ್ಟಿಕ್ಕಿಗೆ ಮೆದುವಾಗಿರಲೆಂದು ಬೇರೆ ವಸ್ತು ಸೇರಿಸುತ್ತಿದ್ದರು. ಅದು ವರ್ಷಗಳು ಕಳೆದಂತೆ ಆವಿಯಾಗಿ ಹೋಗುತ್ತದೆ. ಗುಂಡಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಒಂದು ದಿನ ಬೆರಳಿನಲ್ಲೇ ಉದುರುತ್ತದೆ. ಒಳಗಿನ ತಿರುಪು, ಚಕ್ರಗಳು ಮಾತ್ರ ಗಟ್ಟಿಯಾಗಿಯೇ ಇರುತ್ತವೆ. ಹೊಸ ಗುಂಡಿಗಳಷ್ಟೇ ಬಿಡಿಯಾಗಿ ಸಿಗುತ್ತವೆ. ಲೋಹದ ಕಡ್ಡಿಯನ್ನು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನಿಂದ ಕಾಯಿಸಿ, ಬಿಸಿ ಇರುವಾಗಲೇ ಹೊಸ ಗುಂಡಿಯನ್ನು ಒತ್ತುತ್ತಾರೆ. ಗುಂಡಿಯ ಒಳಮೈ ಕೊಂಚ ಕರಗಿ, ಕಡ್ಡಿಯ ಗೀರುಗಳಲ್ಲಿ ಇಳಿದು, ಆರಿದಾಗ ಕಚ್ಚಿಕೊಳ್ಳುತ್ತದೆ. ಇದು ದೊಡ್ಡವರ ಕೈಕೆಲಸ. ನೀವು ಪಕ್ಕದಲ್ಲಿ ನಿಂತು ನೋಡಿ.

ಹಲ್ಲೇ ಸವೆದಿದ್ದರೆ ಮಾತ್ರ ಬೇರೆ ದಾರಿ ಇಲ್ಲ. ಸಾಮಾನ್ಯವಾಗಿ ತಿರುಪು ಉಕ್ಕಿನದು, ಚಕ್ರ ಹಿತ್ತಾಳೆಯದು. ಹಿತ್ತಾಳೆ ಮೆದು, ಅದೇ ಮೊದಲು ಸವೆಯುತ್ತದೆ. ಹಲ್ಲುಗಳು ಚೂರಿಯಂತೆ ತೆಳ್ಳಗಾಗಿದ್ದರೆ, ಗುಂಡಿ ಹಿಂದೆ ಮುಂದೆ ಅಲ್ಲಾಡಿದರೂ ಕಂಬ ಕದಲದಿದ್ದರೆ, ಕೀ ಬದಲಿಸುವ ಕಾಲ ಬಂದಿದೆ.

ಬದಲಿಸುವಾಗ ಮೊದಲ ಕೆಲಸ ಎಲ್ಲ ತಂತಿಗಳನ್ನೂ ಸಡಿಲ ಮಾಡುವುದು. ಬಿಗಿದ ತಂತಿಯನ್ನು ಎಂದೂ ಕತ್ತರಿಸಬೇಡಿ, ಅದು ಚಿಮ್ಮಿ ಕಣ್ಣಿಗೆ ಬಡಿಯಬಹುದು. ಅಂಗಡಿಗೆ ಹೋಗುವ ಮುಂಚೆ ಹಳೆಯ ಕೀಯ ಅಳತೆ ತೆಗೆದುಕೊಳ್ಳಿ: ಕಂಬದ ದಪ್ಪ, ಕಂಬ ಹೊರಬರುವ ತೂತಿನ ಅಗಲ, ಸ್ಕ್ರೂಗಳ ನಡುವಿನ ದೂರ, ಮೂರು ಕೀಗಳು ಒಂದೇ ಪಟ್ಟಿಯಲ್ಲಿದ್ದರೆ ಕಂಬದಿಂದ ಕಂಬಕ್ಕೆ ಇರುವ ಅಂತರ. ಹಳೆಯ ಬಗೆಯ ಕೀಗಳಿಗೆ ಸುಮಾರು 8.7 ಮಿಲಿಮೀಟರ್ ತೂತು ಸಾಕು, ಈಗಿನ ಬಹುಪಾಲು ಕೀಗಳಿಗೆ 10 ಮಿಲಿಮೀಟರ್ ಬೇಕು. ಒಂದು ಕೀಗಾಗಿ ಹಳೆಯ ವಾದ್ಯದ ಮರವನ್ನು ಕೊರೆದು ದೊಡ್ಡದು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೊರೆದ ಮರ ಮತ್ತೆ ಬರುವುದಿಲ್ಲ. ಹಳೆಯ ಅಳತೆಯ ಕೀಗಳು ಇಂದಿಗೂ ತಯಾರಾಗುತ್ತವೆ, ಹುಡುಕಿದರೆ ಸಿಗುತ್ತವೆ.

ಎಡಬದಿಯ ಕೀ ಬೇರೆ, ಬಲಬದಿಯದು ಬೇರೆ. ನಿಮ್ಮ ಎರಡು ಕೈಗಳಂತೆ ಒಂದು ಇನ್ನೊಂದರ ಕನ್ನಡಿ ರೂಪ. ಹಾಗೆಯೇ ಚಕ್ರ ಮತ್ತು ತಿರುಪಿನ ಜಾಗವನ್ನೂ ಗಮನಿಸಿ. ತಂತಿ ಕಂಬದ ಮೇಲ್ತುದಿಯನ್ನು ಗಿಟಾರಿನ ಹೊಟ್ಟೆಯ ಕಡೆಗೆ ಎಳೆಯುತ್ತದೆ. ಕಂಬ ಮರದ ತೂತಿನಲ್ಲಿ ಒರಗಿ ಒಂದು ಸನ್ನೆಯಾಗುತ್ತದೆ, ಹಾಗಾಗಿ ಹಿಂಬದಿಯಲ್ಲಿರುವ ಅದರ ಕೆಳತುದಿ, ಚಕ್ರದ ಸಮೇತ, ವಿರುದ್ಧ ದಿಕ್ಕಿಗೆ ಸರಿಯಲು ನೋಡುತ್ತದೆ. ಆ ದಿಕ್ಕಿನಲ್ಲಿ ತಿರುಪು ಇದ್ದರೆ ತಂತಿಯ ಎಳೆತವೇ ಹಲ್ಲನ್ನು ತಿರುಪಿಗೆ ಒತ್ತಿ ಕೂರಿಸುತ್ತದೆ. ಕೀಯನ್ನು ತಲೆಕೆಳಗಾಗಿ ಜೋಡಿಸಿದರೆ ಅದೇ ಎಳೆತ ಹಲ್ಲನ್ನು ತಿರುಪಿನಿಂದ ದೂರ ತಳ್ಳುತ್ತದೆ, ಹಲ್ಲು ಬೇಗ ಸವೆಯುತ್ತದೆ. ಬಿಚ್ಚುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಮರದಲ್ಲಿ ಸ್ಕ್ರೂ ಹಿಡಿಯದೆ ಸುಮ್ಮನೆ ತಿರುಗುತ್ತಿದ್ದರೆ ತೂತು ದೊಡ್ಡದಾಗಿದೆ. ದಪ್ಪ ಸ್ಕ್ರೂ ಹಾಕಿ ಮರವನ್ನು ಸೀಳಬೇಡಿ. ಬೆಂಕಿಕಡ್ಡಿಯ ಮದ್ದಿನ ತುದಿಯನ್ನು ತೆಗೆದುಹಾಕಿ, ಕಡ್ಡಿಗೆ ಮರದ ಅಂಟು ಸವರಿ ತೂತಿಗೆ ತುರುಕಿ. ಮರುದಿನ ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿ ಅದೇ ಹಳೆಯ ಸ್ಕ್ರೂವನ್ನು ಹಾಕಿ. ಸ್ಕ್ರೂವಿನ ಗೆರೆಗಳಿಗೆ ಒಂದಿಷ್ಟು ಮೇಣ ಸವರಿದರೆ ಸಲೀಸಾಗಿ ಇಳಿಯುತ್ತದೆ.

ಹೊಸ ಕೀ ಹಾಕಿದ ಮೇಲೆ ಸಾಮಾನ್ಯವಾಗಿ ಹೊಸ ತಂತಿಯನ್ನೂ ಹಾಕುತ್ತಾರೆ. ಹೊಸ ತಂತಿ ಒಂದೆರಡು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ, ಕಂಬದ ಮೇಲಿನ ಸುತ್ತುಗಳು ಬಿಗಿಯಾಗಿ ಕೂರುವವರೆಗೆ ಅದು ಹಾಗೆಯೇ. ಹೊಸ ಕೀಯೂ ಕೆಟ್ಟದ್ದೆಂದು ಬೇಸರ ಮಾಡಿಕೊಳ್ಳಬೇಡಿ, ಮತ್ತೆ ಮತ್ತೆ ಶ್ರುತಿ ಮಾಡಿ. ಅನುಮಾನವಿದ್ದರೆ ಕಾಗದದ ಮುಳ್ಳು ಇದ್ದೇ ಇದೆ. ಬಿಚ್ಚಿದ ಹಳೆಯ ಕೀಗಳನ್ನು ಮಾತ್ರ ಎಸೆಯಬೇಡಿ. ಒಂದರ ಹಲ್ಲು ಸವೆದಿದ್ದರೂ ಅದರ ತಿರುಪು, ಸ್ಕ್ರೂ, ಮುಚ್ಚಳ ಚೆನ್ನಾಗಿರುತ್ತವೆ. ಅದೇ ಕಾಲದ ಇನ್ನೊಂದು ಗಿಟಾರಿಗೆ ಹೊಂದುವ ಬಿಡಿಭಾಗ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಯಾವ ಗಿಟಾರಿನದು, ಎಡಬದಿಯದೋ ಬಲಬದಿಯದೋ ಎಂದು ಚೀಟಿ ಬರೆದಿಡಿ.